ಲಗ್ನಪತ್ರಿಕೆಯ ಪರಿಭಾಷೆ

ಕನ್ನಡ ನಾಡಿನ ಮನೆಗಳಿಗೆ ವರ್ಷದಲ್ಲಿ ಹತ್ತಾರು ಬಾರಿ ಬಂದು, ಒಂದೇ ಸಲ ಕಣ್ಣಿಗೆ ಬಿದ್ದು, ಮದುವೆಯ ದಿನವು ಕಳೆದೊಡನೆ ಮೂಲೆಗೆ ಸೇರುವ ಬರವಣಿಗೆಯೊಂದುಂಟು. ಅದು ಲಗ್ನಪತ್ರಿಕೆ. ಮೂಲೆಗಳಿಗೆ ಅರಿಸಿನ ಕುಂಕುಮಗಳನ್ನು ಹಚ್ಚಿದ ಈ ಪತ್ರವನ್ನು ಕೈಗೆ ತೆಗೆದುಕೊಂಡವರು ವಧೂವರರ ಹೆಸರು, ತಾರೀಖು, ಸ್ಥಳ ಎಂಬ ಮೂರನ್ನು ನೋಡಿಕೊಂಡು ಉಳಿದುದನ್ನು ಬಿಟ್ಟುಬಿಡುವುದು ವಾಡಿಕೆ. ಬರೆಯಿಸುವವರೂ ಹಾಗೆಯೇ, ಹಿಂದಿನ ಮದುವೆಯ ಪತ್ರಿಕೆಯೊಂದನ್ನು ಅಚ್ಚುಕೂಟಕ್ಕೆ ಕೊಟ್ಟು ಹೆಸರುಗಳನ್ನು ಮಾತ್ರ ಬದಲಾಯಿಸುವರು. ಹೀಗೆ ಒಂದರಿಂದೊಂದಕ್ಕೆ ಇಳಿದು ಬಂದುದರಿಂದ ಪತ್ರಿಕೆಯ ಅನೇಕ ಶಬ್ದಗಳು ಅರ್ಥವನ್ನು ಕಳೆದುಕೊಂಡು ಬರಿಯ ಅಲಂಕಾರಗಳಾಗಿ ನಿಂತಿವೆ.

ಆದರೆ ಇವು ಅಲಂಕಾರಕ್ಕಾಗಿ ಹುಟ್ಟಿದ ಶಬ್ದಗಳಲ್ಲ. ಕಾಲವನ್ನು ಹೇಳುವ ಮಾತುಗಳು ಶಾಸನಗಳಿಂದಲೂ ಸಂಕಲ್ಪವಾಕ್ಯದಿಂದಲೂ ಬಂದವು. ವ್ಯಕ್ತಿಗಳನ್ನು ಹೇಳುವ ಮಾತುಗಳು ಕಾಗದಪತ್ರಗಳ ಒಕ್ಕಣೆಯಿಂದಲೂ ಗೋತ್ರೋಚ್ಚಾರಣೆಯಿಂದಲೂ ಬಂದವು. ಕರೆಯುವ ಮಾತುಗಳು ಹಿರಿಯರಿಗೆ ಮಾಡುವ ಬಿನ್ನಹದಿಂದ ಬಂದವು. ಒಂದೊಂದು ಶಬ್ದಕ್ಕೂ ಒಂದೊಂದು ಕೆಲಸವಿತ್ತು. ಆ ಕೆಲಸವನ್ನು ಮರೆತು ಶಬ್ದವನ್ನು ಮಾತ್ರ ಉಳಿಸಿಕೊಂಡರೆ ಅತಿಥಿಯು ದಿನ ತಪ್ಪಿ ಬರುವುದುಂಟು. ಹಡೆದು ಸಾಕಿದ ತಾಯಿಯ ಹೆಸರು ಮಗಳ ಮದುವೆಯ ಪತ್ರಿಕೆಯಿಂದಲೇ ಬಿಟ್ಟುಹೋಗುವುದೂ ಉಂಟು. ಅದು ಕಾರಣ ಈ ಪರಿಭಾಷೆಯ ವಿಚಾರವು ಕೇವಲ ಕುತೂಹಲದ ವಿಷಯವಲ್ಲ.

1. ಪತ್ರಿಕೆಯ ಹೆಸರು

‘ಲಗ್ನ’ ಎಂಬುದು ‘ಲಗ್’ ಧಾತುವಿನಿಂದ ಹುಟ್ಟಿದ ಶಬ್ದ. ಅಂಟಿದುದು, ತಾಗಿದುದು ಎಂದು ಅದರ ಮೂಲಾರ್ಥ. ಒಂದು ಕ್ಷಣದಲ್ಲಿ ಮೂಡಣ ದಿಗಂತಕ್ಕೆ ತಾಗಿರುವ ರಾಶಿಗೆ ಜ್ಯೌತಿಷದಲ್ಲಿ ಲಗ್ನವೆಂದು ಹೆಸರು. ಅಂತಹ ಕ್ಷಣವನ್ನು ನಿಶ್ಚಯಿಸಿ, ಉಭಯಪಕ್ಷದವರ ಹೆಸರುಗಳೊಡನೆ ಪುರೋಹಿತನು ಬರೆದು, ಸಭೆಯಲ್ಲಿ ಓದಿ, ತಾಂಬೂಲದೊಡನೆ ಬೀಗರಿಗೆ ಒಪ್ಪಿಸುತ್ತಿದ್ದ ಪತ್ರವೇ ಮೊದಲ ಲಗ್ನಪತ್ರಿಕೆ. ಅದು ಒಪ್ಪಂದದ ಪತ್ರ, ಕರೆಯುವ ಪತ್ರವಲ್ಲ. ಅಚ್ಚಿನ ಕಾಲದಲ್ಲಿ ಅದೇ ಒಕ್ಕಣೆಯನ್ನು ನೂರಾರು ಪ್ರತಿ ಮಾಡಿ ಬಂಧುಗಳಿಗೆ ಕಳುಹಿಸಲು ತೊಡಗಿದಾಗ ಒಪ್ಪಂದದ ಮಾತೂ ಕರೆಯುವ ಮಾತೂ ಒಂದೇ ಕಾಗದದಲ್ಲಿ ಕೂಡಿಕೊಂಡವು. ಬಡಗಣ ಕರ್ನಾಟಕದಲ್ಲಿ ‘ಲಗ್ನ’ವೆಂದರೆ ಮದುವೆಯೇ ಆಗಿಹೋಗಿದೆ, ಮುಹೂರ್ತದ ಹೆಸರು ಕರ್ಮಕ್ಕೇ ಸಂದಿತು.

‘ಕರೆಯೋಲೆ’ ಎಂಬುದು ಅಚ್ಚಗನ್ನಡದ ಮಾತು. ಓಲೆಯೆಂದರೆ ತಾಳೆಯ ಗರಿ. ಬರೆಹಕ್ಕೆ ಕಾಗದವು ಬರುವುದಕ್ಕೆ ಮೊದಲಿನ ನೆನಪು ಈ ಶಬ್ದದಲ್ಲಿ ಉಳಿದಿದೆ.

‘ಆಮಂತ್ರಣ’ ಮತ್ತು ‘ನಿಮಂತ್ರಣ’ ಎಂಬ ಎರಡು ಶಬ್ದಗಳನ್ನು ಇಂದು ಭೇದವಿಲ್ಲದೆ ಬಳಸುವರು. ಪಾಣಿನಿಯು ಲಿಙ್ ಲಕಾರದ ಅರ್ಥಗಳನ್ನು ಹೇಳುವ ಸೂತ್ರದಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ಎಣಿಸಿದ್ದಾನೆ. ವ್ಯಾಖ್ಯಾನಕಾರರು ಕೊಡುವ ವಿವರಣೆಯು ಸ್ವಾರಸ್ಯವುಳ್ಳದ್ದು. ಕರೆಯಿಸಿಕೊಂಡವನು ಒಲ್ಲೆನೆನ್ನಲಾಗದೆ ಬರಲೇಬೇಕಾದುದು ನಿಮಂತ್ರಣ. ಶ್ರಾದ್ಧಾದಿಗಳಲ್ಲಿ ಬ್ರಾಹ್ಮಣನನ್ನು ಕರೆಯುವುದು ಈ ಬಗೆಯದು. ಬರುವುದೂ ಬಾರದಿರುವುದೂ ಕರೆಯಿಸಿಕೊಂಡವನ ಇಚ್ಛೆಗೆ ಸೇರಿದ್ದು ಆಮಂತ್ರಣ. ಹಿಂದೀ ಮರಾಠೀ ಭಾಷೆಗಳಲ್ಲಿ ಮದುವೆಗೂ ನಿಮಂತ್ರಣವೆಂಬ ಶಬ್ದವೇ ರೂಢವಾಗಿದೆ. ಕನ್ನಡ ಪತ್ರಿಕೆಗಳಲ್ಲಿ ಆಮಂತ್ರಣ, ಆಹ್ವಾನ ಎಂಬವೇ ಹೆಚ್ಚಾಗಿ ಕಾಣುವುದು ಹಳೆಯ ಭೇದಕ್ಕೆ ಒಪ್ಪುವಂತಿದೆ.

2. ಕಾಲವನ್ನು ಹೇಳುವ ಮಾತುಗಳು

ಹಳೆಯ ಕ್ರಮದ ಪತ್ರಿಕೆಯು ‘ಸ್ವಸ್ತಿ ಶ್ರೀ ವಿಜಯಾಭ್ಯುದಯ ಶಾಲಿವಾಹನ ಶಕ’ ಎಂದು ಮೊದಲಾಗುವುದು. ವಿಜಯನಗರದ ಕಾಲದ ಶಿಲಾಶಾಸನಗಳನ್ನು ಕಂಡವರಿಗೆ ಈ ಒಕ್ಕಣೆಯು ಹೊಸದಲ್ಲ. ಬಿ. ಎಲ್. ರೈಸ್ ಅವರು 1886ರಲ್ಲಿ ಪ್ರಕಟಿಸಲು ತೊಡಗಿದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಈ ಬಗೆಯ ಆರಂಭವು ಮತ್ತೆ ಮತ್ತೆ ಕಾಣುವುದು. ರಾಜನು ಊರನ್ನು ದತ್ತಿಬಿಡುವಾಗ ಕಲ್ಲಿನಲ್ಲಿ ಬರೆಯಿಸಿದ ಮಾತನ್ನೇ ಗೃಹಸ್ಥನು ಕನ್ಯೆಯನ್ನು ದಾನಮಾಡುವಾಗ ಕಾಗದದಲ್ಲಿ ಬರೆಯಿಸುತ್ತಾನೆ. ಎರಡೂ ದಾನಗಳೆಂಬ ಭಾವನೆಯಿಂದ ಈ ಸಾಮ್ಯವು ಸಹಜವೆನಿಸುವುದು.

ಶಕವರ್ಷವನ್ನು ಹೇಳುವ ಪದ್ಧತಿಯು ಕನ್ನಡನಾಡಿನಲ್ಲಿ ಬಹಳ ಹಳೆಯದು. ಬಾದಾಮಿಯ ಬಂಡೆಯ ಮೇಲಿರುವ ಒಂದನೆಯ ಪುಲಕೇಶಿಯ ಶಾಸನವು ಶಕ 465ರದು, ಎಂದರೆ ಕ್ರಿ. ಶ. 543ರದು. ಅಲ್ಲಿಯ ಗುಹೆಯಲ್ಲಿರುವ ಮಂಗಲೇಶನ ಶಾಸನವು ಶಕರಾಜನ ಪಟ್ಟಾಭಿಷೇಕದಿಂದ 500 ವರ್ಷಗಳು ಕಳೆದ ಮೇಲೆ, ಕ್ರಿ. ಶ. 578ರಲ್ಲಿ, ಕಾರ್ತಿಕದ ಹುಣ್ಣಿಮೆಯಂದು ಹುಟ್ಟಿದುದು. ‘ಕಳೆದ ಮೇಲೆ’ ಎಂಬ ಆ ಮಾತೇ ಇಂದಿನ ಪಂಚಾಂಗಗಳ ‘ಗತಶಾಲಿ’ ಎಂಬ ಶಬ್ದದಲ್ಲಿ ಉಳಿದಿದೆ. ಗತವಾದ ಶಾಲಿವಾಹನ ಶಕವರ್ಷಗಳು ಎಂಬುದರ ಸಂಕ್ಷೇಪವದು. ಶಾಲಿವಾಹನನ ಹೆಸರು ಈ ಶಕಕ್ಕೆ ಕೂಡಿಕೊಂಡದ್ದು ಬಹುಕಾಲದ ತರುವಾಯ. ಬಾದಾಮಿಯ ಶಾಸನಗಳಲ್ಲಿ ಅದಿಲ್ಲ. ‘ಶಕೆ’ ಎಂಬ ರೂಪವು ಸಂಸ್ಕೃತದ ಸಪ್ತಮೀ ವಿಭಕ್ತಿ. ‘ಶಕದಲ್ಲಿ’ ಎಂದು ಅದರ ಅರ್ಥ. ‘ಶಕೆಯಲ್ಲಿ’ ಎಂದು ಬರೆಯುವವರು ಸಪ್ತಮಿಯ ಮೇಲೆ ಸಪ್ತಮಿಯನ್ನು ಹೇರುತ್ತಾರೆ.

ಶಕದ ಬಳಿಕ ಸಂವತ್ಸರದ ಹೆಸರು ಬರುವುದು. ಪ್ರಭವದಿಂದ ಮೊದಲಾಗಿ ಅರುವತ್ತು ಹೆಸರುಗಳು ಸುತ್ತುತ್ತಿರುತ್ತವೆ. ಕಡೆಯ ಸಂವತ್ಸರಕ್ಕೆ ‘ಕ್ಷಯ’ವೆಂದು ಹೆಸರಿದ್ದರೂ ಅಮಂಗಲವೆಂದು ಶಂಕಿಸಿ ‘ಅಕ್ಷಯ’ವೆಂದು ಬರೆಯುವ ಪದ್ಧತಿಯುಂಟು, 1986ರ ಯುಗಾದಿಯಿಂದ ಮೊದಲಾದ ವರ್ಷವು ಅದು. ಶಕವರ್ಷಕ್ಕೆ 12ನ್ನು ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವು ಸಂವತ್ಸರದ ಕ್ರಮಸಂಖ್ಯೆ. ಶೇಷವೇನೂ ಉಳಿಯದಿದ್ದರೆ ಅದು ಅರುವತ್ತನೆಯದು. ಉದಾಹರಣೆಗೆ ಶಕ 1947ಕ್ಕೆ 12ನ್ನು ಕೂಡಿಸಿದರೆ 1959, ಶೇಷ 39, ಮೂವತ್ತೊಂಬತ್ತನೆಯದು ವಿಶ್ವಾವಸು. ಇದು 2025ರ ಯುಗಾದಿಯಿಂದ 2026ರ ಯುಗಾದಿಯವರೆಗಿನ ವರ್ಷ. ಆದರೆ 1965–66ನೆಯ ವರ್ಷವೂ ವಿಶ್ವಾವಸುವೇ. ಇಂಗ್ಲಿಷ್ ತಾರೀಖನ್ನೂ ಶಕವರ್ಷವನ್ನೂ ಬಿಟ್ಟು ಸಂವತ್ಸರವನ್ನು ಮಾತ್ರ ಬರೆದ ಪತ್ರಿಕೆಯೊಂದು ಮನೆಯ ಪೆಟ್ಟಿಗೆಯಲ್ಲಿ ಸಿಕ್ಕಿದರೆ ಅದು ಅಜ್ಜಿಯ ಮದುವೆಯದೋ ಮೊಮ್ಮಗಳದೋ ಎಂಬುದನ್ನು ಹೆಸರಿನಿಂದಲೇ ಊಹಿಸಬೇಕಾಗುವುದು. ಶಾಸನಗಳಲ್ಲಿ ಶಕ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಒಟ್ಟಿಗೆ ಹೇಳಿರುವುದರ ಪ್ರಯೋಜನವು ಇಲ್ಲಿಯೇ ಇದೆ. ಒಂದು ತಪ್ಪಿದರೆ ಉಳಿದುವು ಅದನ್ನು ತೋರಿಸಿಕೊಡುತ್ತವೆ.

ಸಂವತ್ಸರದಿಂದ ಮುಂದಿನ ಕ್ರಮವು ಸಂಕಲ್ಪವಾಕ್ಯದ ಕ್ರಮವೇ ಆಗಿದೆ: ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವುದು ಇದರ ರೀತಿ. ಪತ್ರಿಕೆಯ ಉತ್ತರಾಯಣವು ಮಕರಸಂಕ್ರಮಣದಿಂದ, ಎಂದರೆ ಜನವರಿ 14 ಅಥವಾ 15ರಿಂದ ಎಣಿಸತಕ್ಕದ್ದು. ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಅಯನಚಲನದಿಂದ ಹುಟ್ಟಿದ ಈ ಅಂತರವನ್ನು ನಿರಯಣ ಪಂಚಾಂಗವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

‘ಶುದ್ಧ’ವೆಂದರೆ ಬೆಳುದಿಂಗಳ ಪಕ್ಷ, ‘ಬಹುಳ’ವೆಂದರೆ ಕತ್ತಲೆಯ ಪಕ್ಷ. ಬಡಗಣ ಭಾರತದ ‘ಸುದಿ’, ‘ಬದಿ’ ಎಂಬವು ‘ಶುಕ್ಲದಿನ’, ‘ಬಹುಲದಿನ’ ಎಂಬವುಗಳ ಸಂಕ್ಷೇಪಗಳಿಂದ ಹುಟ್ಟಿದವು. ಇಲ್ಲೊಂದು ಎಚ್ಚರಿಕೆಯು ಬೇಕು. ಕರ್ನಾಟಕದಲ್ಲಿ ಮಾಸವು ಅಮಾವಾಸ್ಯೆಗೆ ಮುಗಿಯುವುದು; ಉತ್ತರದ ಬಹುಭಾಗದಲ್ಲಿ ಹುಣ್ಣಿಮೆಗೆ ಮುಗಿಯುವುದು. ಆದುದರಿಂದ ಇಲ್ಲಿ ಮಾಘ ಬಹುಳ ಚತುರ್ದಶಿಯಾದ ಶಿವರಾತ್ರಿಯು ಅಲ್ಲಿ ಫಾಲ್ಗುನ ಕೃಷ್ಣ ಚತುರ್ದಶಿ. ದಿನವೊಂದೇ, ಮಾಸದ ಹೆಸರು ಬೇರೆ. ಇಂದೂರಿನವರೊಡನೆ ಬೀಗತನ ಬೆಳೆಸಿದ ಧಾರವಾಡದವರು ಎರಡು ಪತ್ರಿಕೆಗಳಲ್ಲಿ ಎರಡು ಮಾಸಗಳನ್ನು ಕಂಡು ಗಾಬರಿಪಡಬೇಕಾದುದಿಲ್ಲ.

ಕರಾವಳಿಯಲ್ಲಿ ಸೌರಮಾನವು ರೂಢಿಯಲ್ಲಿರುವುದರಿಂದ ಅಲ್ಲಿಯ ಪತ್ರಿಕೆಗಳಲ್ಲಿ ಮೇಷ, ವೃಷಭ ಮೊದಲಾದ ಮಾಸಗಳ ದಿನಸಂಖ್ಯೆಯನ್ನು ಬರೆದು ‘ಸಲುವ’ ಎಂದು ಸೇರಿಸಿ ಇಂಗ್ಲಿಷ್ ತಾರೀಖನ್ನು ಕೊಡುವರು. ‘ಇದಕ್ಕೆ ಸರಿಯಾಗಿ ಸಲ್ಲುವ’ ಎಂಬುದು ಅದರ ಭಾವ. ಜೈನರ ಪತ್ರಿಕೆಗಳಲ್ಲಿ ವೀರನಿರ್ವಾಣ ಸಂವತ್ಸರವನ್ನು ಕಾಣಬಹುದು. ಅದರ ಎಣಿಕೆಯು ಕ್ರಿ. ಪೂ. 527ರಿಂದ. ಮುಸಲ್ಮಾನರ ಪತ್ರಿಕೆಗಳಲ್ಲಿ ಹಿಜರಿ ವರ್ಷವಿರುವುದು. ಅದರ ಎಣಿಕೆಯು ಕ್ರಿ. ಶ. 622ರಿಂದ.

ಪತ್ರಿಕೆಯಲ್ಲಿ ಅತ್ಯಂತ ಹೆಚ್ಚಾಗಿ ತಪ್ಪು ತಿಳಿಯಲ್ಪಡುವ ಮಾತುಗಳು ನಕ್ಷತ್ರ ಮತ್ತು ಲಗ್ನ. ‘ರೋಹಿಣೀ ನಕ್ಷತ್ರ, ಮಿಥುನ ಲಗ್ನ’ ಎಂದಿರುವಾಗ ಅವು ವರನ ಜನ್ಮನಕ್ಷತ್ರ, ಜನ್ಮರಾಶಿಗಳೆಂದು ಭಾವಿಸುವವರುಂಟು. ಅವು ಯಾರ ಜನ್ಮಕ್ಕೂ ಸೇರಿದವಲ್ಲ. ಆ ದಿನ ಚಂದ್ರನು ರೋಹಿಣಿಯಲ್ಲಿರುವನು, ಆ ಹೊತ್ತಿನಲ್ಲಿ ಮೂಡಣದಲ್ಲಿ ಮಿಥುನವು ಉದಯಿಸುತ್ತಿರುವುದು ಎಂದಷ್ಟೇ ಅರ್ಥ. ಅರುವತ್ತು ಘಳಿಗೆಗಳ ಒಂದು ಅಹೋರಾತ್ರದಲ್ಲಿ ಹನ್ನೆರಡು ರಾಶಿಗಳೂ ಉದಯಿಸುವುದರಿಂದ ಒಂದು ಲಗ್ನದ ಅವಧಿಯು ಸರಾಸರಿ ಐದು ಘಳಿಗೆ, ಎಂದರೆ ಎರಡು ಗಂಟೆ. ಮುಹೂರ್ತವೆಂಬುದು ಅಹೋರಾತ್ರದ ಮೂವತ್ತನೆಯ ಒಂದು ಪಾಲು; ಎರಡು ಘಳಿಗೆ, ಎಂದರೆ 48 ನಿಮಿಷ. ಲಗ್ನವು ದೊಡ್ಡ ಅಳತೆ, ಮುಹೂರ್ತವು ಅದರೊಳಗಿನ ಚಿಕ್ಕ ಅಳತೆ.

‘ಅಭಿಜಿನ್ ಲಗ್ನ’ವೆಂಬ ಮಾತಿನಲ್ಲಿ ಎರಡು ತೊಡಕುಗಳಿವೆ. ಹಗಲಿನ ಹದಿನೈದು ಮುಹೂರ್ತಗಳಲ್ಲಿ ಎಂಟನೆಯದಕ್ಕೆ ಅಭಿಜಿತ್ ಎಂದು ಹೆಸರು. ಆರು ಗಂಟೆಗೆ ಉದಯ, ಆರು ಗಂಟೆಗೆ ಅಸ್ತವಾಗುವ ದಿನದಲ್ಲಿ ಅದು 11-36ರಿಂದ 12-24ರವರೆಗೆ. ಆದುದರಿಂದ ಅದು ಮುಹೂರ್ತವೇ ಹೊರತು ಯಾವುದೊಂದು ರಾಶಿಯ ಲಗ್ನವಲ್ಲ. ಸಂಧಿಯನ್ನು ನೋಡಿದರೂ ‘ಅಭಿಜಿತ್’ ಶಬ್ದವು ಮುಹೂರ್ತದೊಡನೆ ಕೂಡಿದಾಗ ‘ಅಭಿಜಿನ್ಮುಹೂರ್ತ’ವಾಗುವುದು, ಲಗ್ನದೊಡನೆ ಕೂಡಿದರೆ ತಕಾರಕ್ಕೆ ಲಕಾರವು ಬಂದು ‘ಅಭಿಜಿಲ್ಲಗ್ನ’ವಾಗತಕ್ಕದ್ದು. ಮೊದಲನೆಯ ರೂಪದ ನಕಾರವನ್ನು ಎರಡನೆಯದಕ್ಕೆ ಅಂಟಿಸಿದುದರಿಂದ ಇಂದಿನ ರೂಪವು ಹುಟ್ಟಿತು. ‘ಗೋಧೂಳಿ’ಯೆಂಬುದು ದನಗಳು ಮನೆಗೆ ಮರಳುವಾಗ ಏಳುವ ಧೂಳು, ಅದು ಕಾಣುವ ಮುಚ್ಚಂಜೆಯ ಹೊತ್ತೇ ಗೋಧೂಳೀ ಲಗ್ನ.

ಇನ್ನು ವಾರದ ವಿಷಯ. ಪಂಚಾಂಗದ ದಿನವು ಸೂರ್ಯೋದಯದಿಂದ ಸೂರ್ಯೋದಯದವರೆಗೆ. ಗಡಿಯಾರದ ದಿನವು ನಡುರಾತ್ರಿಯಿಂದ ನಡುರಾತ್ರಿಯವರೆಗೆ. ಗುರುವಾರ ಬೆಳಗಿನ ಜಾವ ನಾಲ್ಕು ಗಂಟೆಯ ಮುಹೂರ್ತವು ಪಂಚಾಂಗದ ಪ್ರಕಾರ ಬುಧವಾರಕ್ಕೆ ಸೇರಿದ್ದು. ‘ಬುಧವಾರ ರಾತ್ರಿ 4 ಗಂಟೆಗೆ’ ಎಂದು ಅಚ್ಚಾದ ಪತ್ರಿಕೆಯನ್ನು ಕಂಡು ಒಬ್ಬನು ಒಂದು ದಿನ ಮೊದಲೇ ಬರುವನು. ‘ಗುರುವಾರ ರಾತ್ರಿ’ ಎಂದು ತಿಳಿದ ಮತ್ತೊಬ್ಬನು ಚಪ್ಪರವನ್ನು ಬಿಚ್ಚುವ ಹೊತ್ತಿಗೆ ಬರುವನು. ಇಂತಹ ಮುಹೂರ್ತಗಳಲ್ಲಿ ಎರಡು ವಾರಗಳನ್ನೂ ಸೇರಿಸಿ ‘ಬುಧವಾರ ರಾತ್ರಿ ಕಳೆದು ಗುರುವಾರ ಬೆಳಗಿನ ಜಾವ’ ಎಂದು ಬರೆಯುವುದೇ ಕ್ಷೇಮ.

3. ವ್ಯಕ್ತಿಗಳನ್ನು ಹೇಳುವ ಮಾತುಗಳು

‘ಚಿ.’ ಎಂಬುದು ‘ಚಿರಂಜೀವಿ’. ಬಹುಕಾಲ ಬಾಳತಕ್ಕವನು ಅಥವಾ ಬಾಳತಕ್ಕವಳು. ಇದು ಬಿರುದಲ್ಲ, ಹಿರಿಯರು ಕಿರಿಯರಿಗೆ ಮಾಡುವ ಹರಕೆ. ಆದುದರಿಂದ ತಂದೆ ತಾಯಿ, ಅಜ್ಜ, ಅಣ್ಣ ಇಂಥವರು ಕರೆಯುವ ಪತ್ರಿಕೆಯಲ್ಲಿ ಮಾತ್ರ ಇದು ಸಲ್ಲುವುದು. ಈಚೆಗೆ ವಧೂವರರೇ ತಮ್ಮ ಹೆಸರಿನಲ್ಲಿ ಕರೆಯುವುದುಂಟು. ಆಗ ತಮ್ಮನ್ನು ತಾವೇ ಹರಸಿಕೊಂಡಂತಾಗುವುದರಿಂದ ‘ಚಿ.’ಯನ್ನು ಬಿಡುವುದು ಯುಕ್ತ.

ವಧುವಿನ ಹೆಸರಿನ ಹಿಂದಣ ಅಕ್ಷರಗಳು ಪ್ರಾಂತದಿಂದ ಪ್ರಾಂತಕ್ಕೆ ಬೇರೆ. ಹಳೆಯ ಮೈಸೂರಿನ ಕಡೆ ‘ಚಿ. ಸೌ.’ ಎಂಬುದು ‘ಚಿರಂಜೀವಿ ಸೌಭಾಗ್ಯವತಿ’; ಬಡಗಣ ಜಿಲ್ಲೆಗಳಲ್ಲಿ ‘ಚಿ. ಕುಂ. ಶೋ.’ ಎಂದರೆ ‘ಚಿರಂಜೀವಿ ಕುಂಕುಮ ಶೋಭಿತೆ’, ತೆಲುಗರಲ್ಲಿ ‘ಚಿ. ಲ. ಸೌ.’ ಎಂದರೆ ‘ಚಿರಂಜೀವಿ ಲಕ್ಷ್ಮೀ ಸೌಭಾಗ್ಯವತಿ’, ಮರಾಠಿಗರಲ್ಲಿ ‘ಚಿ. ಸೌ. ಕಾಂ.’ ಎಂದರೆ ‘ಚಿರಂಜೀವ ಸೌಭಾಗ್ಯಕಾಂಕ್ಷಿಣಿ’. ಈ ಕಡೆಯದು ವಿಚಾರಾರ್ಹವಾದುದು. ಪತಿಯುಳ್ಳವಳೇ ಸೌಭಾಗ್ಯವತಿಯೆಂಬ ರೂಢಿಯನ್ನು ಒಪ್ಪಿದ ಪಕ್ಷದಲ್ಲಿ ಪತ್ರಿಕೆಯು ಕೈಸೇರುವ ದಿನ ವಧುವು ಇನ್ನೂ ಸೌಭಾಗ್ಯವತಿಯಲ್ಲ. ಸೌಭಾಗ್ಯವನ್ನು ಬಯಸುವವಳು ಮಾತ್ರ. ಮರಾಠೀ ಒಕ್ಕಣೆಯು ಇದನ್ನು ನಿಖರವಾಗಿ ಹೇಳುವುದು. ಮೈಸೂರಿನ ಒಕ್ಕಣೆಯು ಆಗಲಿರುವುದನ್ನು ಆಯಿತೆಂದೇ ಹರಸುವುದು.

ಗಂಡಸರ ಹೆಸರಿನ ಹಿಂದಣ ‘ಮ. ರಾ. ರಾ.’ ಎಂಬುದು ‘ಮಹಾರಾಜ ರಾಜಶ್ರೀ’. ಮರಾಠೀ ದಫ್ತರದ ‘ರಾ. ರಾ.’ ಎಂಬುದು ‘ರಾಜಮಾನ್ಯ ರಾಜಶ್ರೀ’. ಆಳರಸರ ಕಾಲದ ಕಚೇರಿಯ ಕಾಗದಗಳಿಂದ ಇವು ಮನೆಯ ಪತ್ರಿಕೆಗಳಿಗೆ ಬಂದವು. ‘ವೇ. ಬ್ರ. ಶ್ರೀ’ ಎಂದರೆ ವೇದಬ್ರಹ್ಮಶ್ರೀ, ‘ವೇ. ಮೂ.’ ಎಂದರೆ ವೇದಮೂರ್ತಿ, ಇದು ವೈದಿಕರಿಗೂ ವೀರಶೈವ ಜಂಗಮರಿಗೂ ಸಲ್ಲುವುದು. ಗತಿಸಿದ ಹಿರಿಯರಿಗೆ ‘ದಿ.’ ಎಂದು ದಿವಂಗತ, ‘ಕೈ.’ ಎಂದು ಕೈಲಾಸವಾಸಿ, ‘ಲಿಂ.’ ಎಂದು ಲಿಂಗೈಕ್ಯ, ‘ಕೀ. ಶೇ.’ ಎಂದು ಕೀರ್ತಿಶೇಷ ಎಂಬ ಮಾತುಗಳು ಆಯಾ ಮತದ ನಂಬಿಕೆಯಂತೆ ಬರುವುವು.

ಸಂಬಂಧವನ್ನು ಹೇಳುವ ಮಾತುಗಳಲ್ಲಿಯೂ ಲೋಪಗಳುಂಟು. ‘ಜೇಷ್ಠ’ವಲ್ಲ, ‘ಜ್ಯೇಷ್ಠ’, ‘ವಧುವರ’ರಲ್ಲ, ‘ವಧೂವರ’ರು. ಮಗನ ಮಗನು ಪೌತ್ರ, ಮಗಳ ಮಗನು ದೌಹಿತ್ರ; ಕನ್ನಡದ ‘ಮೊಮ್ಮಗ’ನು ಇಬ್ಬರನ್ನೂ ಒಳಕೊಳ್ಳುವನು. ಪತ್ರಿಕೆಯಲ್ಲಿ ಅಜ್ಜ, ಮುತ್ತಜ್ಜಂದಿರ ಹೆಸರುಗಳು ಬರುವುದು ಕನ್ಯಾದಾನದ ಉಚ್ಚಾರಣೆಯ ಅನುಕರಣ. ಅಲ್ಲಿ ಗೋತ್ರಪ್ರವರಗಳನ್ನು ಹೇಳಿ, ಇಂಥವನ ಪ್ರಪೌತ್ರ, ಇಂಥವನ ಪೌತ್ರ, ಇಂಥವನ ಪುತ್ರ ಎಂದು ಮೂರು ತಲೆಗಳನ್ನು ಎಣಿಸುವುದು ವಿಧಿ. ಆ ಮಂತ್ರದಲ್ಲಿ ಗಂಡು ಸಂತತಿಯ ಎಣಿಕೆಯು ಮಾತ್ರ ಇರುವುದು.

ಇದರಿಂದಲೇ ಒಂದು ಕಠಿಣವಾದ ರೂಢಿಯು ಹುಟ್ಟಿಕೊಂಡಿತು. ತಂದೆಯು ಗತಿಸಿದ ಮನೆಗಳಲ್ಲಿ ಚಿಕ್ಕಪ್ಪನೋ ಸೋದರಮಾವನೋ ಪತ್ರಿಕೆಗೆ ಒಡೆಯನಾಗುವನು. ತಾಯಿಯು ಬದುಕಿದ್ದರೂ ಆಕೆಯ ಹೆಸರನ್ನು ಬಿಡುವರು, ಇಲ್ಲವೆ ಹೆಸರಿನ ಹಿಂದೆ ‘ಗಂ. ಭಾ.’ ಎಂಬ ಅಕ್ಷರಗಳನ್ನಿಟ್ಟು ತೋರಿಸುವರು. ‘ಗಂಗಾಭಾಗೀರಥಿ’ಯೆಂಬ ಈ ಮಾತು ಮಹಾರಾಷ್ಟ್ರದಲ್ಲಿಯೂ ಅದಕ್ಕೆ ಹೊಂದಿದ ಕನ್ನಡ ಜಿಲ್ಲೆಗಳಲ್ಲಿಯೂ ವಿಧವೆಯರಿಗೆ ಸಲ್ಲುತ್ತಿದ್ದುದು. ನದಿಯ ಪಾವಿತ್ರ್ಯವನ್ನು ಹೇಳುವ ಗೌರವದ ಮಾತೆಂಬಂತೆ ತೋರಿದರೂ ಅದರ ಕೆಲಸವು ಒಂದೇ: ಈಕೆಗೆ ಗಂಡನಿಲ್ಲ ಎಂದು ಓದುವವರಿಗೆಲ್ಲ ಸಾರುವುದು. 2023ರಲ್ಲಿ ಮಹಾರಾಷ್ಟ್ರ ಸರಕಾರದಲ್ಲಿ ‘ವಿಧವಾ’ ಶಬ್ದಕ್ಕೆ ಬದಲಾಗಿ ಈ ಮಾತನ್ನು ಬಳಸಬಹುದೇ ಎಂಬ ಸೂಚನೆಯು ಹೊರಟಾಗ ಬಲವಾದ ಆಕ್ಷೇಪಗಳು ಬಂದುದಕ್ಕೆ ಕಾರಣವಿದೇ. ಪತ್ನಿಯನ್ನು ಕಳೆದುಕೊಂಡ ಗಂಡಸಿಗೆ ಪತ್ರಿಕೆಯಲ್ಲಿ ಅಂತಹ ಗುರುತೊಂದೂ ಇಲ್ಲ.

ಈ ರೂಢಿಗೆ ಶಬ್ದಶಾಸ್ತ್ರದಲ್ಲಿ ಆಧಾರವಿಲ್ಲ. ‘ಶ್ರೀಮತಿ’ಯು ‘ಶ್ರೀಮತ್’ ಶಬ್ದದ ಸ್ತ್ರೀರೂಪ. ಶ್ರೀಯುಳ್ಳವಳು ಎಂದು ಅದರ ಅರ್ಥ. ಮದುವೆಯಾದುದೂ ಆಗದುದೂ ಪತಿಯು ಇರುವುದೂ ಇಲ್ಲದಿರುವುದೂ ಆ ಅರ್ಥದೊಳಗೆ ಸೇರುವುದಿಲ್ಲ. ‘ಶ್ರೀ’ಯು ತಂದೆಗೆ ಹೇಗೋ ‘ಶ್ರೀಮತಿ’ಯು ತಾಯಿಗೆ ಹಾಗೆ. ಕರ್ಮಾಂಗವಾದ ಗೋತ್ರೋಚ್ಚಾರಣೆಯು ವಿಧಿಗೆ ಒಳಪಟ್ಟುದಾಗಬಹುದು. ಪತ್ರಿಕೆಯಾದರೋ ಕರ್ಮಾಂಗವಲ್ಲ, ಕರೆಯುವ ಕಾಗದ. ಮಗಳ ಮದುವೆಗೆ ಬಂಧುಗಳನ್ನು ಕರೆಯುವ ಅಧಿಕಾರವು ತಾಯಿಗಿಲ್ಲವೆಂದು ಯಾವ ವ್ಯಾಕರಣವೂ ಹೇಳುವುದಿಲ್ಲ. ಈಗ ಅನೇಕ ಮನೆಗಳ ಪತ್ರಿಕೆಗಳಲ್ಲಿ ತಾಯಂದಿರು ತಮ್ಮ ಹೆಸರಿನಿಂದಲೇ ಕರೆಯುತ್ತಿರುವುದು ಭಾಷೆಗೆ ವಿರುದ್ಧವಾದುದಲ್ಲ, ಭಾಷೆಯ ಸರಿಯಾದ ಅರ್ಥಕ್ಕೆ ಮರಳಿದುದು.

4. ಕರ್ಮವನ್ನು ಹೇಳುವ ಮಾತುಗಳು

‘ವಿವಾಹ’ವು ‘ವಹ್’ ಧಾತುವಿನಿಂದ. ವಧುವನ್ನು ತನ್ನ ಮನೆಗೆ ಕರೆದೊಯ್ಯುವುದು. ‘ಪರಿಣಯ’ವು ‘ನೀ’ ಧಾತುವಿನಿಂದ; ಅಗ್ನಿಯ ಸುತ್ತಲೂ ನಡೆಯಿಸುವುದು. ‘ಪಾಣಿಗ್ರಹಣ’ವು ಕೈಹಿಡಿಯುವುದು. ಮೂರೂ ಒಂದೇ ಮದುವೆಯ ಮೂರು ಕ್ಷಣಗಳು. ‘ಮದುವೆ’ಯು ದೇಶ್ಯ; ಮದುಮಗ, ಮದುಮಗಳು, ತುಳುವಿನ ಮದಿಮೆ ಇವೆಲ್ಲ ಒಂದೇ ಬಳ್ಳಿಯವು.

‘ಧಾರಾಮುಹೂರ್ತ’ವನ್ನೂ ‘ಮಾಂಗಲ್ಯಧಾರಣ’ವನ್ನೂ ಒಂದೇ ಶಬ್ದದ ರೂಪಗಳೆಂದು ಹಲವರು ತಿಳಿದಿದ್ದಾರೆ. ‘ಧಾರೆ’ಯು ಎರೆಯುವ ನೀರಿನ ಎಳೆ; ಕನ್ಯಾದಾನದ ನೀರನ್ನು ಬಿಡುವ ಹೊತ್ತೇ ಧಾರಾಮುಹೂರ್ತ. ‘ಧಾರಣ’ವು ತೊಡುವುದು, ಮಾಂಗಲ್ಯವನ್ನು ಕಟ್ಟುವ ಹೊತ್ತು. ಇವೆರಡನ್ನೂ ಪತ್ರಿಕೆಯು ಸಾರುವುದು; ಸಪ್ತಪದಿಯ ಹೊತ್ತನ್ನು ಮಾತ್ರ ಯಾವ ಪತ್ರಿಕೆಯೂ ಅಚ್ಚುಮಾಡುವುದಿಲ್ಲ. ಆದರೆ ಏಳನೆಯ ಹೆಜ್ಜೆಯಲ್ಲಿಯೇ ವಿವಾಹವು ಪೂರ್ತಿಯಾಗುವುದೆಂದು ಮನುಸ್ಮೃತಿಯ ಅಭಿಪ್ರಾಯ. 1955ರ ಹಿಂದೂ ವಿವಾಹ ಕಾಯಿದೆಯ ಏಳನೆಯ ಕಲಮೂ ಸಪ್ತಪದಿಯಿರುವ ವಿಧಿಯಲ್ಲಿ ಏಳನೆಯ ಹೆಜ್ಜೆಯನ್ನಿಟ್ಟಾಗ ಮದುವೆಯು ಪೂರ್ಣವಾಗಿ ಬಂಧಕವಾಗುವುದೆಂದು ಹೇಳುತ್ತದೆ. ಊಟದ ಎಲೆಯ ಕಡೆಗೆ ಅತಿಥಿಗಳೆಲ್ಲ ಎದ್ದುಹೋದ ಮೇಲೆ ನಡೆಯುವ ಕರ್ಮವೇ ಶಾಸ್ತ್ರಕ್ಕೂ ಕಾಯಿದೆಗೂ ಮುಖ್ಯವಾದುದು ಎಂಬುದನ್ನು ನೆನೆಯತಕ್ಕದ್ದು.

‘ನಾಂದಿ’ಯು ನಾಂದೀಮುಖರೆಂಬ ಪಿತೃಗಳನ್ನು ಶುಭಕಾರ್ಯದ ಮೊದಲು ಪೂಜಿಸುವುದು. ‘ನಿಶ್ಚಿತಾರ್ಥ’ವೆಂದರೆ ನಿಶ್ಚಯವಾದ ವಿಷಯ, ಉಂಗುರಕ್ಕೂ ಈ ಶಬ್ದಕ್ಕೂ ಸಂಬಂಧವಿಲ್ಲ. ‘ವರಪೂಜೆ’ಯು ಬಂದ ವರನನ್ನು ಇದಿರುಗೊಂಡು ಸತ್ಕರಿಸುವುದು. ‘ಆರತಕ್ಷತೆ’ಯು ‘ಆರತಿ’ ಮತ್ತು ‘ಅಕ್ಷತೆ’ಗಳ ಕೂಟ. ಸಂಸ್ಕೃತದ ಸಂಧಿಯಂತೆ ‘ಆರತ್ಯಕ್ಷತೆ’ಯಾಗಬೇಕಾಗಿದ್ದಿತು, ಕನ್ನಡವು ತನ್ನ ಲೋಪಸಂಧಿಯನ್ನು ಮಾಡಿ ಆ ಶಬ್ದವನ್ನು ತನ್ನದಾಗಿ ಮಾಡಿಕೊಂಡಿತು. ‘ಅಕ್ಷತೆ’ಯೆಂದರೆ ಮುರಿಯದ ಅಕ್ಕಿ. ಹಿರಿಯರು ವಧೂವರರಿಗೆ ಆರತಿಯೆತ್ತಿ ಅಕ್ಷತೆಯಿಟ್ಟು ಹರಸುತ್ತಿದ್ದ ಆಚಾರದ ಹೆಸರು ಇಂದು ಸಂಜೆಯ ಸತ್ಕಾರಕೂಟಕ್ಕೆ ಸಂದಿದೆ. ಅಲ್ಲಿ ಆರತಿಯೂ ಇಲ್ಲ, ಅಕ್ಷತೆಯೂ ಇಲ್ಲ.

5. ಕರೆಯುವ ಮಾತುಗಳು

‘ಗುರುಹಿರಿಯರು ನಿಶ್ಚಯಿಸಿರುವಂತೆ’ ಎಂಬ ಮಾತಿನಿಂದ ಕರೆಯುವವನು ಮದುವೆಯ ಕರ್ತೃತ್ವವನ್ನು ತನ್ನ ಮೇಲೆ ಹೊತ್ತುಕೊಳ್ಳದೆ ಹಿರಿಯರಿಗೆ ಒಪ್ಪಿಸುತ್ತಾನೆ. ‘ಬಿನ್ನಹ’ವು ‘ವಿಜ್ಞಾಪನ’ದ ತದ್ಭವ, ‘ಬಿನ್ನಪ’ದ ಪಕಾರವು ಹಕಾರವಾಗಿ ಬಂದುದು. ‘ಬಿಜಯಂಗೈಯು’ ಎಂಬುದು ದೇವರಿಗೂ ಅರಸರಿಗೂ ಸಲ್ಲುವ ‘ದಯಮಾಡಿಸು’. ‘ಸಕುಟುಂಬ ಸಪರಿವಾರ ಸಮೇತರಾಗಿ’ ಎಂಬಲ್ಲಿ ‘ಸ’ಕಾರವೇ ‘ಕೂಡಿ’ ಎಂಬರ್ಥವನ್ನು ಎರಡು ಸಲ ಹೇಳಿದ ಮೇಲೆ ‘ಸಮೇತ’ವು ಮೂರನೆಯ ಸಲ ಹೇಳುವುದು. ವ್ಯಾಕರಣಕ್ಕೆ ಇದು ಪುನರುಕ್ತಿದೋಷ. ಆದರೂ ಒಬ್ಬರನ್ನೂ ಬಿಡದೆ ಬನ್ನಿರೆಂಬ ಆಗ್ರಹದಲ್ಲಿ ಹುಟ್ಟಿದುದರಿಂದ ಕ್ಷಮಾರ್ಹ. ‘ಆಗಮನಾಭಿಲಾಷಿಗಳು’ ಎಂದರೆ ಬರವನ್ನು ಬಯಸುವವರು. ಕರೆಯುವವರ ಹೆಸರುಗಳ ಮೇಲೆ ಇದು ಸಲ್ಲುವುದು.

ಪತ್ರಿಕೆಯ ಕಡೆಯಲ್ಲಿ ಈಗ ‘ಉಡುಗೊರೆ ಬೇಡ, ಆಶೀರ್ವಾದವೇ ಉಡುಗೊರೆ’ ಎಂಬ ಮಾತನ್ನು ಕಾಣಬಹುದು. ಉಡುಗೊರೆಯೆಂದರೆ ಮೊದಲು ಉಡಲು ಕೊಡುವ ಬಟ್ಟೆ. ‘ಮುಯ್ಯಿ’ಯಾದರೋ ಬೇರೆ. ಇಂದು ನಾನು ಕೊಟ್ಟುದನ್ನು ನಾಳೆ ನಿನ್ನ ಮನೆಯ ಮದುವೆಯಲ್ಲಿಯೋ ನನ್ನ ಮನೆಯ ಮದುವೆಯಲ್ಲಿಯೋ ತೀರಿಸುವ ಕೊಡುಕೊಳೆಯದು. ಬಡವರ ಮನೆಯ ಮದುವೆಯ ವೆಚ್ಚವನ್ನು ಊರೆಲ್ಲ ಹೊರುತ್ತಿದ್ದ ಏರ್ಪಾಡು. ಉಡುಗೊರೆಯನ್ನು ಬೇಡವೆನ್ನುವುದು ಸುಲಭ. ಮುಯ್ಯಿಯನ್ನು ಬೇಡವೆನ್ನುವುದು ಒಂದು ಸಂಬಂಧವನ್ನೇ ಬೇಡವೆಂದಂತೆ.

6. ಉಪಸಂಹಾರ

ಹೀಗೆ ಒಂದು ಹಾಳೆಯ ಲಗ್ನಪತ್ರಿಕೆಯಲ್ಲಿ ಶಾಸನದ ಕಾಲಗಣನೆ, ಸಂಕಲ್ಪದ ಕ್ರಮ, ಕಚೇರಿಯ ಒಕ್ಕಣೆ, ಗೋತ್ರದ ಉಚ್ಚಾರಣೆ, ಬಂಧುತ್ವದ ಬಿನ್ನಹ ಇವು ಐದೂ ಕೂಡಿವೆ. ಎಲ್ಲ ಮದುವೆಗಳಿಗೂ ಇವೆಲ್ಲವೂ ಬೇಕೆಂದಿಲ್ಲ. ಕುವೆಂಪು ಅವರು ರೂಪಿಸಿದ, 1966ರಲ್ಲಿ ಅವರ ಮಗನ ಮದುವೆಯಲ್ಲಿ ಆಚರಿಸಲ್ಪಟ್ಟ ಮಂತ್ರಮಾಂಗಲ್ಯದ ಕ್ರಮದಲ್ಲಿ ಮುಹೂರ್ತಕ್ಕೆ ಸ್ಥಾನವಿಲ್ಲ. ಆ ಬಗೆಯ ಪತ್ರಿಕೆಗೆ ಲಗ್ನದ ಸಾಲು ಬೇಕಾಗದು. ಆದರೆ ಯಾವ ಕ್ರಮದ ಮದುವೆಗೇ ಆಗಲಿ ಪತ್ರಿಕೆಯು ಹೇಳಬೇಕಾದ ಮೂರು ಸಂಗತಿಗಳು ಬದಲಾಗುವುದಿಲ್ಲ: ಯಾವಾಗ, ಯಾರು, ಯಾರನ್ನು ಹೇಗೆ ಕರೆಯುತ್ತಾರೆ. ಕರ್ನಾಟಕದಲ್ಲಿ ವಿವಾಹದ ನೋಂದಣಿಯ ಅರ್ಜಿಯೊಡನೆ ಲಗ್ನಪತ್ರಿಕೆಯನ್ನೂ ಒಪ್ಪಿಸುವ ರೂಢಿಯಿರುವುದರಿಂದ ಅದು ಇಂದಿಗೂ ಸಾಕ್ಷ್ಯದ ಕಾಗದವೇ ಆಗಿದೆ.

ಆದುದರಿಂದ ಪತ್ರಿಕೆಯನ್ನು ಬರೆಯಿಸುವವರು ಹಳೆಯ ಪ್ರತಿಯನ್ನು ಕಣ್ಣುಮುಚ್ಚಿ ಇಳಿಸಿಕೊಳ್ಳದೆ, ಅರ್ಥವನ್ನು ತಿಳಿದ ಶಬ್ದವನ್ನು ಉಳಿಸಿಕೊಂಡು, ತಿಳಿಯದುದನ್ನು ಹಿರಿಯರಿಂದ ಕೇಳಿ ತಿಳಿದು, ಯಾರೊಬ್ಬರ ಮನಸ್ಸನ್ನಾದರೂ ನೋಯಿಸುವ ಅಕ್ಷರವಿದ್ದರೆ ಅದನ್ನು ಬಿಡುವುದು ಒಳ್ಳೆಯದು. ಶಕವರ್ಷವನ್ನು ಬಿಡದಿರಲಿ, ಬೆಳಗಿನ ಜಾವದ ಮುಹೂರ್ತಕ್ಕೆ ಎರಡು ವಾರಗಳನ್ನೂ ಹೇಳಲಿ, ತಾಯಿಯ ಹೆಸರನ್ನು ತಂದೆಯ ಹೆಸರಿನಂತೆಯೇ ಗೌರವದಿಂದ ಬರೆಯಲಿ. ಇಷ್ಟಾದರೆ ಮದುವೆಯು ಮುಗಿದ ಮೇಲೆಯೂ ಆ ಹಾಳೆಯು ಮನೆಯ ಪೆಟ್ಟಿಗೆಯಲ್ಲಿ ಇಡತಕ್ಕ ಬರಹವಾಗುವುದು. ಅರುವತ್ತು ವರ್ಷಗಳು ತಿರುಗಿ ಅದೇ ಸಂವತ್ಸರವು ಬಂದಾಗ ಅದನ್ನು ಬಿಡಿಸಿ ಓದುವ ಮೊಮ್ಮಕ್ಕಳಿಗೆ ಯಾವ ಸಂದೇಹವೂ ಉಳಿಯದು.